ಎಲೆಯ ಮುಂದಿನ ಮಣೆ

ಸೇಡಂ
9 ಜೂನ್ 2025

ಕಾರ್ಯದರ್ಶಿಗಳು,
ಹೊಂಗೆಕೆರೆ ಊರು ಮತ್ತು ವಂಶ ಚರಿತ್ರೆ ಸಂಘ,
ಕೆ.ಆರ್. ಪುರ, ಬೆಂಗಳೂರು ಪೂರ್ವ

ಮಾನ್ಯರೆ,

ಹೊಂಗೆಕೆರೆಯ ಮನೆತನಗಳ ವಿವರವನ್ನು ಪುಸ್ತಕ ಮಾಡುವ ಮೊದಲು ನೀವು ಇಂಟರ್‌ನೆಟ್‌ನಲ್ಲಿ ಹಾಕಿ, ತಪ್ಪಿದ್ದರೆ ತಿಳಿಸಿ ಎಂದು ಕೇಳಿದ್ದೀರಿ. ತಿಳಿಸುತ್ತಿದ್ದೇನೆ.

‘ತರಕಾರಿ ಚಿನ್ನಪ್ಪನವರ ಮನೆತನ’ ಎಂಬ ಪುಟದಲ್ಲಿ ಹೀಗಿದೆ: “ಚಿನ್ನಪ್ಪನವರ ತಂಗಿ ಭಾಗ್ಯಲಕ್ಷ್ಮಿ (ದಿವಂಗತ). ಗುಲ್ಬರ್ಗಾ ಕಡೆಯ ಕೂಲಿಯವನೊಬ್ಬನ ಜೊತೆ ಓಡಿಹೋದರು. ಸಂತಾನವಿಲ್ಲ.”

ಈ ದಿವಂಗತರು ಇವತ್ತು ಬೆಳಿಗ್ಗೆ ನನ್ನೆದುರು ಕೂತು ಜೋಳದ ರೊಟ್ಟಿ ತಿಂದು, ಪಲ್ಯಕ್ಕೆ ಉಪ್ಪು ಸಾಲದೆಂದು ನನ್ನನ್ನು ಬೈದು, ಸಂತೆಗೆ ಹೋಗಿದ್ದಾರೆ. ಅವರು ನನ್ನ ತಾಯಿ. ಇಲ್ಲದ ಸಂತಾನ ನಾನು. ಇಲ್ಲಿ ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತೇನೆ. ನನಗೊಬ್ಬ ತಮ್ಮನೂ ಇದ್ದಾನೆ, ಲಕ್ಷ್ಮಿಕಾಂತ. ಇನ್ನು ಆ ‘ಕೂಲಿಯವನೊಬ್ಬ’ನಿಗೆ ಭಗವಂತರಾಯ ಎಂಬ ಹೆಸರಿದೆ, ಅವರಿಗೊಂದು ಊರಿದೆ, ಅಪ್ಪ ಅಮ್ಮ ಅಜ್ಜ ಮುತ್ತಜ್ಜ ಎಲ್ಲರೂ ಇದ್ದರು. ನಿಮ್ಮ ಊರಿನವರಿಗೆ ಮಾತ್ರ ವಂಶ ಇರುತ್ತದೆಂದು ನೀವು ತಿಳಿದುಕೊಂಡಂತಿದೆ.

ಅಮ್ಮನಿಗೆ ಇದರಿಂದ ತುಂಬ ನೋವಾಗಿದೆ. ಕೂಡಲೇ ತಿದ್ದಿ.

ರೇವತಿ ಭಗವಂತರಾಯ


ಹೊಂಗೆಕೆರೆ
20 ಜೂನ್ 2025

ಶ್ರೀಮತಿ/ಕುಮಾರಿ ರೇವತಿಯವರಿಗೆ ನಮಸ್ಕಾರ.

ನಿಮ್ಮ ಪತ್ರ ತಲುಪಿತು. ಫೋನು ಮಾಡದೆ ಕೈಯಲ್ಲಿ ಬರೆದು ಕಳಿಸಿದ್ದಕ್ಕೆ ಮೊದಲು ವಂದನೆ. ವಾಟ್ಸಾಪಿನಲ್ಲಿ ಬಂದ ತಿದ್ದುಪಡಿಯನ್ನು ನಾವು ಒಪ್ಪುವುದಿಲ್ಲ. ಹೋದ ವರ್ಷ ಗ್ರೂಪಿನಲ್ಲಿ ಇಬ್ಬರು ದಾಯಾದಿಗಳು ಒಬ್ಬರ ತಾತನನ್ನು ಇನ್ನೊಬ್ಬರು ಅಳಿಸುತ್ತಾ ಹೋಗಿ, ಕೊನೆಗೆ ಇಬ್ಬರಿಗೂ ತಾತನೇ ಇಲ್ಲದಂತಾಯಿತು. ಅಂದಿನಿಂದ ಕೈಬರಹ, ಸಹಿ, ಅಂಚೆ. ಇಷ್ಟೇ ನಮ್ಮ ಕಾನೂನು.

ಕಾಗದದ ಮೇಲೆ ಪುಡಿ ಕಂಡರೆ ಗಾಬರಿಯಾಗಬೇಡಿ, ರಾಗಿಹಿಟ್ಟು. ನಮ್ಮ ಸಂಘದ ರೂಮು ಹಿಟ್ಟಿನ ಗಿರಣಿಯ ಮೇಲಿದೆ.

ಈಗ ವಿಷಯ. ನಮ್ಮೂರಿನ ಹೊಲಗಳೆಲ್ಲ ಬಡಾವಣೆಯಾದವು, ಕೆರೆ ಬಸ್ ಡಿಪೋ ಆಯಿತು. ಯಾರು ಯಾರ ಮಕ್ಕಳೆಂದು ಹೇಳುವ ಕಾಗದ ಯಾರ ಮನೆಯಲ್ಲೂ ನೆಟ್ಟಗಿಲ್ಲ. ಆದರೆ ಹಿರಿಯರ ಹಬ್ಬ ಬಿಟ್ಟವರಿಲ್ಲ. ಮಹಾಲಯ ಅಮಾವಾಸ್ಯೆಯ ದಿನ ತೀರಿಕೊಂಡವರಿಗೆಲ್ಲ ಒಂದೊಂದು ಎಲೆ ಹಾಕಿ, ಅವರವರಿಗೆ ಇಷ್ಟವಾದದ್ದನ್ನು ಎಡೆ ಇಡುತ್ತಾರಲ್ಲ, ನಾವು ಮನೆ ಮನೆಗೆ ಹೋಗಿ ಆ ಎಲೆಗಳನ್ನು ಎಣಿಸುತ್ತೇವೆ. ಈ ಎಲೆ ಯಾರದು, ಆ ಬೀಡಿ ಯಾರಿಗೆ, ಈ ಚಕ್ಕುಲಿ ಯಾರಿಗೆ ಎಂದು ಕೇಳಿದರೆ ನಾಲ್ಕು ತಲೆಮಾರು ತಾನಾಗಿ ಹೊರಗೆ ಬರುತ್ತದೆ. ಬುದ್ಧನ ದಾರಿ ಹಿಡಿದ ಮನೆಗಳಲ್ಲಿ ಎಡೆ ಇಡುವುದಿಲ್ಲ, ಹಿರಿಯರ ಹೆಸರು ಹೇಳಿ ದೀಪ ಹಚ್ಚುತ್ತಾರೆ. ಅಲ್ಲಿ ದೀಪ ಎಣಿಸುತ್ತೇವೆ. ನಮ್ಮ ಖಜಾಂಚಿ ಮಧುಕರ್ ಅಂಥ ಮನೆಯವನು, ಅವನು ಹೇಳಿಕೊಟ್ಟದ್ದು.

ಚಿನ್ನಪ್ಪನ ಮನೆಗೆ ಹೋದ ವರ್ಷ ನಾನೇ ಹೋಗಿದ್ದೆ. ಒಂದು ಎಲೆಯಲ್ಲಿ ಸೀಬೆಹಣ್ಣು, ಉಪ್ಪು-ಖಾರ, ಒಂದು ಮೊಳ ಕನಕಾಂಬರ ಇತ್ತು. ಯಾರದು ಎಂದೆ. “ಭಾಗ್ಯಂದು” ಎಂದು ಹೇಳಿ ಚಿನ್ನಪ್ಪ ಎದ್ದುಹೋದ. ನಾನು ಬರೆದುಕೊಂಡೆ.

ಆದ್ದರಿಂದ ನಿಮ್ಮ ತಾಯಿಯವರು ಬದುಕಿರುವುದಕ್ಕೆ ಏನಾದರೂ ಪುರಾವೆ ಕಳಿಸಿಕೊಡಿ. ಬೇಸರ ಬೇಡ. ಪಿಂಚಣಿಗೆಂದು ನಾನೂ ಪ್ರತಿ ನವೆಂಬರಿನಲ್ಲಿ ಬ್ಯಾಂಕಿಗೆ ಹೋಗಿ ಬದುಕಿದ್ದೇನೆ ಎಂದು ತೋರಿಸಿ ಬರುತ್ತೇನೆ. ಚಿನ್ನಪ್ಪನಿಗೆ ತಕ್ಕ ಸಮಯ ನೋಡಿ ತಿಳಿಸುತ್ತೇನೆ. ಪುಸ್ತಕ ಈ ವರ್ಷದ ಹಬ್ಬದ ನಂತರ ಅಚ್ಚಿಗೆ ಹೋಗುತ್ತದೆ.

ನಿಮ್ಮ ವಿಶ್ವಾಸಿ,
ಮುನಿನಾರಾಯಣಪ್ಪ, ಕಾರ್ಯದರ್ಶಿ
(ವಿಮಾನ ಕಾರ್ಖಾನೆ, ಸ್ಟೋರ್ಸ್ ವಿಭಾಗ, ನಿವೃತ್ತ)


ಸೇಡಂ
2 ಜುಲೈ 2025

ಮಾನ್ಯರೆ,

ಪುರಾವೆ ಕಳಿಸುವುದಿಲ್ಲ. ನನ್ನ ತಾಯಿ ಬದುಕಿದ್ದಾರೆಂದು ಹಿಟ್ಟಿನ ಗಿರಣಿಯ ಮೇಲೆ ಕೂತವರಿಗೆ ನಾನೇಕೆ ತೋರಿಸಿಕೊಡಬೇಕು?

ಅಮ್ಮ ಊರು ಬಿಟ್ಟು ಬಂದ ಮೇಲೆ ನನ್ನ ತಾತ ಕೆರೆಯಲ್ಲಿ ಮಿಂದು, ಮಗಳ ಹೆಸರಿಗೆ ಎಳ್ಳುನೀರು ಬಿಟ್ಟರೆಂಬ ಮಾತನ್ನು ನಾನು ಚಿಕ್ಕವಳಿದ್ದಾಗಲೇ ಕೇಳಿದ್ದೆ. ಸಿಟ್ಟಿನಲ್ಲಿ ಮಾಡಿರಬಹುದು, ಆಮೇಲೆ ಕರಗಿರಬಹುದು ಅಂದುಕೊಂಡಿದ್ದೆ. ಈಗ ನಿಮ್ಮಿಂದ ತಿಳಿಯಿತು, ಮೂವತ್ತು ವರ್ಷ ಕಳೆದರೂ ಅಣ್ಣನಾದವರು ಪ್ರತಿ ವರ್ಷ ತಂಗಿಯನ್ನು ಸತ್ತವರ ಸಾಲಿನಲ್ಲಿ ಕೂರಿಸಿ ಸೀಬೆಹಣ್ಣು ತಿನ್ನಿಸುತ್ತಿದ್ದಾರೆ. ಇಲ್ಲಿ ಅಮ್ಮ ಇವತ್ತಿಗೂ ಸಂತೆಯಲ್ಲಿ ಸೀಬೆಹಣ್ಣು ಕಂಡರೆ ಕೈಯಲ್ಲಿ ಹಿಡಿದು, ಮೂಸಿ, ಕೊಳ್ಳದೆ ಇಟ್ಟು ಬರುತ್ತಾರೆ.

ನಿಮ್ಮ ವಂಶವೃಕ್ಷದಿಂದ ನಮ್ಮ ಸಾಲನ್ನು ಪೂರ್ತಿ ತೆಗೆದುಬಿಡಿ. ದಿವಂಗತರಾಗಿಯೂ ಬೇಡ, ಬದುಕಿದವರಾಗಿಯೂ ಬೇಡ. ಇದು ನನ್ನ ಕೊನೆಯ ಪತ್ರ.

ರೇವತಿ


ಹೊಂಗೆಕೆರೆ
15 ಜುಲೈ 2025

ರೇವತಿಯವರಿಗೆ,

ಪತ್ರ ತಲುಪಿದೆ. ಸಾಲು ತೆಗೆದಿಲ್ಲ. ‘ದಿವಂಗತ’ ಎಂಬುದನ್ನು ಮಾತ್ರ ಮಧುಕರ್ ಕೈಯಲ್ಲಿ ತೆಗೆಸಿದ್ದೇನೆ. ಪುರಾವೆ ಬೇಡ.

ಮುನಿನಾರಾಯಣಪ್ಪ


ಹೊಂಗೆಕೆರೆ
30 ಜುಲೈ 2025

ರೇವತಿಯವರಿಗೆ,

ನಿಮ್ಮ ಉತ್ತರ ಬರಲಿಲ್ಲ, ಬರುವುದಿಲ್ಲ ಎಂದು ನೀವೇ ಬರೆದಿದ್ದಿರಿ. ಆದರೂ ಅಂಚೆಯಣ್ಣ ಈ ಬೀದಿಗೆ ತಿರುಗಿದರೆ ಗಿರಣಿಯ ಮೆಟ್ಟಿಲಿಳಿದು ನಿಲ್ಲುತ್ತೇನೆ. ಇದನ್ನು ಕಾರ್ಯದರ್ಶಿಯಾಗಿ ಬರೆಯುತ್ತಿಲ್ಲ.

ಭಾಗ್ಯಲಕ್ಷ್ಮಿಯನ್ನು ನಾನು ಬಲ್ಲೆ. ನಾನು ಫಸ್ಟ್ ಶಿಫ್ಟಿಗೆ ಸೈಕಲ್ಲಿನಲ್ಲಿ ಹೋಗುವಾಗ ಅವರ ಮನೆಯ ಸೀಬೆಮರದ ಮೇಲೆ ಕೂತಿರುತ್ತಿದ್ದಳು. ಕಾಯಿ ಎಸೆದರೆ ಗುರಿ ತಪ್ಪುತ್ತಿರಲಿಲ್ಲ. ಒಂದು ಸಲ ನನ್ನ ಟಿಫನ್ ಕ್ಯಾರಿಯರ್ ಬೀಳಿಸಿ, ಆಮೇಲೆ ಅವಳೇ ಇಳಿದು ಬಂದು ಅನ್ನ ಎತ್ತಿ, ತಮ್ಮ ಮನೆಯಿಂದ ಮುದ್ದೆ ತಂದುಕೊಟ್ಟಿದ್ದಳು. ಅವಳು ತೀರಿಕೊಂಡಳೆಂದು ಬರೆದ ದಿನ ನನಗೆ ಊಟ ಸೇರಿರಲಿಲ್ಲ. ನಿಮ್ಮ ಮೊದಲ ಪತ್ರ ಓದಿದಾಗ ನನಗೆ ಎಷ್ಟು ಸಂತೋಷವಾಯಿತೆಂದರೆ, ಆ ಸಂತೋಷ ಮುಚ್ಚಿಕೊಳ್ಳಲು ಅಷ್ಟು ಕಾನೂನು ಬರೆದೆ. ನನ್ನ ಹೆಂಡತಿ ಇದ್ದಿದ್ದರೆ ಆ ಪತ್ರ ಅಂಚೆಗೆ ಹಾಕಲು ಬಿಡುತ್ತಿರಲಿಲ್ಲ.

ಇನ್ನೊಂದು ಮಾತು. ಚಿನ್ನಪ್ಪನಿಗೆ ನಾನು ಇನ್ನೂ ಹೇಳಿಲ್ಲ. ದಿನಾ ಸಂಜೆ ಮಾರಮ್ಮನ ಗುಡಿಯ ಕಟ್ಟೆಯಲ್ಲಿ ಪಕ್ಕಪಕ್ಕವೇ ಕೂರುತ್ತೇವೆ. ರಸೆಲ್ ಮಾರುಕಟ್ಟೆಗೆ ಸೊಪ್ಪು ಸಾಗಿಸುತ್ತಿದ್ದ ಕಾಲದ ಮಾತೆಲ್ಲ ಆಡುತ್ತಾನೆ. ತಂಗಿಯ ಹೆಸರು ಬರುವ ತಿರುವಿನಲ್ಲಿ ಮಾತು ನಿಲ್ಲಿಸುತ್ತಾನೆ. ನಾನು ಹೇಳಿ, ಅವನು “ನಮ್ಮ ಪಾಲಿಗೆ ಸತ್ತಿದ್ದಾಳೆ ಬಿಡು” ಎಂದುಬಿಟ್ಟರೆ ಆ ಮಾತನ್ನು ನಿಮಗೆ ಹೇಗೆ ಬರೆಯಲಿ? ನನಗೆ ಧೈರ್ಯವಿಲ್ಲ.

ನಿಮ್ಮ ತಾಯಿಯವರು ಹೇಗಿದ್ದಾರೆ? ಒಂದು ಸಾಲು ಬರೆದರೆ ಸಾಕು.

ಮುನಿನಾರಾಯಣಪ್ಪ


ಸೇಡಂ
11 ಆಗಸ್ಟ್ 2025

ಮುನಿನಾರಾಯಣಪ್ಪನವರಿಗೆ,

ನಿಮ್ಮ ಪತ್ರ ಬಂದಾಗ ನಾನು ಶಾಲೆಯಲ್ಲಿದ್ದೆ. ಅಮ್ಮ ಒಡೆದು ಓದಿದರು.

ನಿಮಗೆ ಧೈರ್ಯವಿಲ್ಲ ಅಂದಿರಿ, ನನಗೂ ಇರಲಿಲ್ಲ. ‘ಅಮ್ಮನಿಗೆ ನೋವಾಗಿದೆ’ ಎಂದು ನಾನು ಬರೆದದ್ದು ಸುಳ್ಳು. ಅವರಿಗೆ ನಾನು ಏನೂ ಹೇಳಿರಲಿಲ್ಲ. ನೋವಾಗಿದ್ದು ನನಗೆ. ಇಂಟರ್‌ನೆಟ್‌ನಲ್ಲಿ ಅಮ್ಮನ ಊರಿನ ಹೆಸರು ಹುಡುಕುವ ಚಟ ನನಗೆ ಕಾಲೇಜಿನಿಂದಲೂ ಇದೆ. ಸಿಕ್ಕಿದ್ದು ಅದು.

ನಾನು ಮನೆಗೆ ಬಂದಾಗ ಅಮ್ಮ ಬಾಗಿಲಲ್ಲಿ ಕಾಗದ ಹಿಡಿದು ಕೂತಿದ್ದರು. ಅವರು ಕೇಳಿದ ಮೊದಲ ಮಾತು: “ಏನೇ, ಈ ಮುನಿಯಣ್ಣ ಇನ್ನೂ ಬದ್ಕಿದ್ದಾನಾ?”

ಆಮೇಲೆ ಎಲ್ಲ ಪತ್ರಗಳನ್ನೂ, ಫೋನಿನಲ್ಲಿ ನಿಮ್ಮ ಆ ಪುಟವನ್ನೂ ತೆಗೆಸಿ ಓದಿಸಿದರು. ಓಡಿಹೋದರು ಎಂಬಲ್ಲಿಗೆ ಬಂದಾಗ ಅಪ್ಪನ ಕಡೆ ನೋಡಿದರು. ಅಪ್ಪ ಕಟ್ಟೆಯ ಮೇಲೆ ಎಲೆಅಡಿಕೆ ಹಾಕಿಕೊಳ್ಳುತ್ತಿದ್ದವರು, “ಬರೆಯೂದಿದ್ರ ಸರಿಯಾಗಿ ಬರೀರಿ ಅನ್ನು. ಓಡಿಸ್ಕೊಂಡು ಬಂದಾಕಿ ಆಕಿ. ನಾ ಸಿಮೆಂಟ್ ಕಲಸ್ಕೋತ ಸುಮ್ಮ ಇದ್ದೆ” ಅಂದರು. ಅಮ್ಮ ನಕ್ಕರು. ನಗುತ್ತಲೇ ಅಳು ಬಂತು. ನಾನು ಹುಟ್ಟಿದ ಮೇಲೆ ಅವರು ಹಾಗೆ ಅತ್ತದ್ದನ್ನು ನೋಡಿದ್ದು ಇದೇ ಮೊದಲು.

ಹೊಂಗೆಕೆರೆಯಲ್ಲಿ ಅಮ್ಮನ ಮನೆಯವರ ವಠಾರದಲ್ಲೇ ಅಪ್ಪನ ಹಾಗೆ ಬಾಡಿಗೆಗಿದ್ದ ಪೀರಮ್ಮ ಎಂಬುವವರು ನಮ್ಮ ಕಡೆಗೆ ಮರಳಿದಾಗ ಆ ಎಳ್ಳುನೀರಿನ ಸುದ್ದಿ ತಂದರಂತೆ. “ಅಪ್ಪನೇ ಸತ್ಲು ಅಂದ್ಮೇಲೆ ಯಾವ ಮುಖ ಇಟ್ಕೊಂಡು ಹೋಗ್ಲಿ” ಎಂದು ಅಮ್ಮ ಸುಮ್ಮನಾದರು. ತಾತ ತೀರಿಕೊಂಡದ್ದು ಕೂಡ ಅವರಿಗೆ ನಿಮ್ಮ ಪುಟದಿಂದಲೇ ತಿಳಿದದ್ದು. ಅದನ್ನು ಓದುವಾಗ ಅಪ್ಪ ಎದ್ದು ಬಂದು ಪಕ್ಕದಲ್ಲಿ ಕೂತರು.

ಈಗ ಅಮ್ಮ ಒಂದೇ ಒಂದು ವಿಷಯ ಕೇಳಲು ಹೇಳಿದ್ದಾರೆ. ಅವರ ಮಾತಿನಲ್ಲೇ ಬರೆಯುತ್ತೇನೆ: “ಎಲೆ ಮುಂದೆ ಮಣೆ ಹಾಕಿದ್ರಾ ಕೇಳು.”

ನನಗೂ ಅರ್ಥವಾಗಲಿಲ್ಲ, ಬಿಡಿಸಿ ಹೇಳಿದರು. ಅವರ ಮನೆಯಲ್ಲಿ ಹಿರಿಯರ ಎಲೆಗಳನ್ನು ಕಲಶದ ಮುಂದೆ ಗೋಡೆಯ ಬದಿಗೆ ಹಾಕುತ್ತಾರೆ. ಹೋದವರಿಗೆ ಕೂರಲು ಮಣೆ ಬೇಕಿಲ್ಲ, ಆದ್ದರಿಂದ ಆ ಸಾಲಿಗೆ ಮಣೆ ಇಡುವುದಿಲ್ಲವಂತೆ. ಮಣೆ ಇಟ್ಟರೆ ಕೂತು ಉಣ್ಣುವವರು ಬರುತ್ತಾರೆಂದು ಅರ್ಥವಂತೆ.

ನೀವು ಎಲೆ ಎಣಿಸಿದಿರಿ. ಮಣೆ ನೋಡಿದಿರಾ?

ರೇವತಿ


ಹೊಂಗೆಕೆರೆ
25 ಆಗಸ್ಟ್ 2025

ಚಿ. ರೇವತಿಗೆ ಆಶೀರ್ವಾದಗಳು.

‘ಯವರು’ ಬಿಟ್ಟಿದ್ದೇನೆ. ನಿಮ್ಮಮ್ಮನಿಗೆ ಮುನಿಯಣ್ಣನಾದರೆ ನಿನಗೆ ಮಾವ.

ಮಣೆ ನೋಡಿರಲಿಲ್ಲ ತಾಯಿ. ಹಬ್ಬದ ದಿನ ಊರೆಲ್ಲ ಸುತ್ತಿ, ಹಸಿದು, ಧೂಪದ ಹೊಗೆಯಲ್ಲಿ ಬಾಗಿಲಿನಿಂದಲೇ ಇಣುಕಿ ಎಲೆ ಎಣಿಸುವವನಿಗೆ ನೆಲದ ಮೇಲಿನ ಮಣೆ ಎಲ್ಲಿ ಕಾಣಬೇಕು? ನಿನ್ನ ಪತ್ರ ಓದಿ ಚಪ್ಪಲಿ ಮೆಟ್ಟಿಕೊಂಡು ಅಲ್ಲಿಗೇ ಹೋದೆ.

ಚಿನ್ನಪ್ಪನ ಮಗ ಸುನೀಲ ಹಿಂದಿನ ಜಾಗದಲ್ಲಿ ಪಿ.ಜಿ. ಕಟ್ಟಿದ್ದಾನೆ. ಸೀಬೆಮರ ಕಡಿಯಬೇಕಾಗಿ ಬಂದಾಗ ಚಿನ್ನಪ್ಪ ಮರದ ಬುಡದಲ್ಲಿ ಕುರ್ಚಿ ಹಾಕಿಕೊಂಡು ಕೂತುಬಿಟ್ಟನಂತೆ. ಅದಕ್ಕೇ ಆ ಕಟ್ಟಡ ಒಂದು ಮೂಲೆಯಲ್ಲಿ ಒಳಗೆ ಸರಿದಿದೆ. ಸೊಸೆ ಮೋನಿಷಾ ಬಟ್ಟೆ ಒಣಹಾಕುತ್ತಿದ್ದಳು. ಅವಳನ್ನೇ ಕೇಳಿದೆ.

“ಅದು ತೀರ್ಕೊಂಡೋರ ಎಲೆ ಅಲ್ಲ ಅಂಕಲ್. ಆ ಸಾಲಲ್ಲೇ ಇರಲ್ಲ, ಅಡುಗೆಮನೆ ಬಾಗ್ಲ ಹತ್ರ ಹಾಕ್ತೀವಿ. ಮಣೆ ಮಾವನೇ ತಂದಿಡ್ತಾರೆ. ಹಳೇದು, ಹಲಸಿನ ಮರದ್ದು, ಒಂದ್ ಮೂಲೆ ಚಕ್ಕೆ ಎದ್ದಿದೆ. ಸಂಜೆವರ್ಗೂ ಯಾರೂ ಎಲೆ ಎತ್ತಂಗಿಲ್ಲ.”

“ನನಗ್ಯಾಕೆ ಹೇಳ್ಲಿಲ್ಲಮ್ಮ?”

“ನೀವು ಕೇಳಿದ್ದು ಎಲೆ ಯಾರ್ದು ಅಂತ. ಬದ್ಕಿದಾರಾ ಅಂತ ಕೇಳಲೇ ಇಲ್ವಲ್ಲ.”

ಇಷ್ಟು ವರ್ಷ ಸ್ಟೋರ್ಸಿನಲ್ಲಿ ನಟ್ಟು ಬೋಲ್ಟು ಎಣಿಸಿದವನು ನಾನು. ಎಣಿಸುವುದು ನನಗೆ ಬರುತ್ತದೆ ಎಂಬ ಜಂಭವಿತ್ತು. ಇಳಿಯಿತು.

ಅಷ್ಟರಲ್ಲಿ ಚಿನ್ನಪ್ಪ ಒಳಗಿನಿಂದ ಬಂದ. “ಏನೋ ಮುನಿ, ಹಬ್ಬಕ್ ಮುಂಚೇನೇ ಎಲೆ ಎಣ್ಸೋಕ್ ಬಂದ್ಯಾ?” ಎಂದ. ನಾನು ನಿನ್ನ ಮೊದಲ ಪತ್ರವನ್ನು ಜೇಬಿನಿಂದ ತೆಗೆದು ಓದಿದೆ. ಉಪ್ಪು ಸಾಲದೆಂದು ಬೈದು ಸಂತೆಗೆ ಹೋಗಿದ್ದಾರೆ ಎಂಬಲ್ಲಿಗೆ ಅವನು ಕೈ ಎತ್ತಿ ನಿಲ್ಲಿಸಿದ. ಇನ್ನೊಂದು ಸಲ ಓದು ಎಂದ. ಓದಿದೆ. ಟವೆಲ್ಲಿನಿಂದ ಮುಖ ಮುಚ್ಚಿಕೊಂಡು ಕೂತ. ಮೋನಿಷಾ ನೀರು ತಂದುಕೊಟ್ಟಳು.

ಅವನು ಹುಡುಕಿದ್ದ, ರೇವತಿ. ಅಪ್ಪ ತೀರಿಕೊಂಡ ವರ್ಷವೇ ಯಾರಿಗೂ ಹೇಳದೆ ಗುಲ್ಬರ್ಗಕ್ಕೆ ಹೋಗಿದ್ದನಂತೆ. ಬಸ್‌ಸ್ಟ್ಯಾಂಡಿನಲ್ಲಿ ಇಳಿದು ಯಾರನ್ನು ಕೇಳುವುದು? ನಿಮ್ಮಪ್ಪ ಅವರದೇ ವಠಾರದಲ್ಲಿ ಎರಡು ವರ್ಷ ಇದ್ದವರು, ಅವರ ಊರು ಯಾವುದೆಂದು ಊರಿನಲ್ಲಿ ಒಬ್ಬರೂ ಕೇಳಿರಲಿಲ್ಲ. ಗುಲ್ಬರ್ಗದವರು ಅಂದರೆ ಮುಗಿಯಿತು. ಮೂರು ದಿನ ಕಲ್ಲು ಹೊರುವವರನ್ನೆಲ್ಲ ಕೇಳಿ ವಾಪಸು ಬಂದನಂತೆ. ಆ ವರ್ಷದಿಂದ ಆ ಎಲೆ. ನಿನ್ನ ತಾತ ಎಳ್ಳುನೀರು ಬಿಟ್ಟದ್ದು ನಿಜ. ಆ ಮನೆಯಲ್ಲಿ ಬೇರೆ ಯಾರೂ ಬಿಟ್ಟಿಲ್ಲ.

ಹಬ್ಬಕ್ಕೆ ಕರೆದು ಬರೆಯಲಾ ಎಂದು ಕೇಳಿದೆ. ಅವನಿಗೆ ಸಿಟ್ಟು ಬಂತು. “ಕರೆಯೋಕೆ ಅವಳೇನು ನೆಂಟಳಾ? ಎಲೆ ಹಾಕೋದು ಹಾಕ್ತೀನಿ. ಹೋಗೋ ಅತ್ಲಾಗೆ” ಎಂದು ಎದ್ದುಹೋದ. ಅವನು ಹೇಳಿದ್ದನ್ನು ಹೇಳಿದ ಹಾಗೆಯೇ ಬರೆದಿದ್ದೇನೆ. ಇದಕ್ಕಿಂತ ಚೆನ್ನಾಗಿ ಬರೆಯಬಹುದಿತ್ತು, ಆದರೆ ಇನ್ನು ಮೇಲೆ ನನ್ನ ಕೈಯಿಂದ ಏನೂ ಸೇರಿಸುವುದಿಲ್ಲ ಎಂದುಕೊಂಡಿದ್ದೇನೆ.

ಅಮಾವಾಸ್ಯೆ ಸೆಪ್ಟೆಂಬರ್ 21, ಭಾನುವಾರ.

ಮುನಿನಾರಾಯಣಪ್ಪ


ಸೇಡಂ
8 ಸೆಪ್ಟೆಂಬರ್ 2025

ಮುನಿ ಮಾವನವರಿಗೆ ನಮಸ್ಕಾರ.

ಪತ್ರ ಅಮ್ಮನಿಗೆ ಓದಿ ಹೇಳಿದೆ. ಮಣೆಯ ಮೂಲೆ ಚಕ್ಕೆ ಎದ್ದಿದೆ ಎಂಬಲ್ಲಿ, “ಅವನ ಮೇಲೇ ಎಸ್ದಿದ್ದೆ, ಗೋಡೆಗೆ ಬಿತ್ತು” ಎಂದರು. ಅಣ್ಣನ ಕೊನೆಯ ಮಾತು ಕೇಳಿ ಎದ್ದು ಒಳಗೆ ಹೋದರು.

ನನಗೆ ನಿಮ್ಮ ಚಿನ್ನಪ್ಪನವರ ಮೇಲೆ ಸಿಟ್ಟಿದೆ, ಮುಚ್ಚಿಡುವುದಿಲ್ಲ. ಗುಲ್ಬರ್ಗಕ್ಕೆ ಬಂದು ಹುಡುಕಿದವರಿಗೆ ಈಗ ವಿಳಾಸ ಸಿಕ್ಕ ಮೇಲೆ ಬಾ ಎಂಬ ಒಂದು ಮಾತಿಗೆ ಏನು ಕಷ್ಟ? ಅಮ್ಮನನ್ನು ಕರೆಯದ ಮನೆಗೆ ಕಳಿಸಲು ನನಗೆ ಇಷ್ಟವಿಲ್ಲ. ಅಪ್ಪನಂತೂ, “ನಾ ಬರಾಂಗಿಲ್ಲ. ಆಕಿಗೆ ಮಣಿ ಅದ, ನನಗೇನದ ಅಲ್ಲಿ?” ಎಂದುಬಿಟ್ಟಿದ್ದಾರೆ. ಅವರು ಹಾಗೆ ಹೇಳುವಾಗ ನಗುತ್ತಿದ್ದರು, ಅದಕ್ಕೇ ನನಗೆ ಇನ್ನೂ ಸಂಕಟವಾಯಿತು.

ಅವರು ಬರುವುದಿಲ್ಲ. ನೀವು ಕಾಯಬೇಡಿ.

10ನೇ ತಾರೀಕು

ಮೇಲಿನದನ್ನು ಅಂಚೆಗೆ ಹಾಕಿರಲಿಲ್ಲ, ಒಳ್ಳೆಯದೇ ಆಯಿತು. ಇವತ್ತು ಶಾಲೆಯಿಂದ ಬರುವಾಗ ಬೀದಿಯ ತುದಿಗೇ ಶೇಂಗಾ ಹುರಿಯುವ ವಾಸನೆ. ಅಮ್ಮ ಒಂದು ಡಬ್ಬಿ ತುಂಬ ಶೇಂಗಾ ಹಿಂಡಿ (ನಿಮ್ಮ ಕಡೆಯ ಕಡಲೆಕಾಯಿ ಚಟ್ನಿಪುಡಿ) ಕುಟ್ಟಿ ಇಟ್ಟಿದ್ದಾರೆ. ಯಾರಿಗಮ್ಮ ಎಂದರೆ ನನ್ನನ್ನು ದಡ್ಡಿಯ ಹಾಗೆ ನೋಡಿದರು.

“ಕರೆದಿಲ್ಲವಲ್ಲ?” ಎಂದೆ.

“ನೆಂಟ್ರಾದ್ರೆ ಕರೀತಿದ್ದ. ನನ್ನ ಬೈದಿದಾನಲ್ಲೇ! ನಿಂಗೆ ಲೆಕ್ಕ ಬರುತ್ತೆ, ನಮ್ಮಣ್ಣ ಅರ್ಥ ಆಗಲ್ಲ.”

ಎರಡು ದಿನ ಅವರು ಸುಮ್ಮನಿದ್ದದ್ದು ಬೇಸರದಿಂದ ಎಂದು ನಾನು ತಿಳಿದಿದ್ದೆ. ಯಾವ ಸೀರೆ ಉಡುವುದೆಂದು ಯೋಚಿಸುತ್ತಿದ್ದರಂತೆ. ಅಪ್ಪ ಇನ್ನೂ ಒಲ್ಲೆ ಅನ್ನುತ್ತಿದ್ದಾರೆ. “ಈ ಸಲಾನೂ ನಾನೇ ಓಡಿಸ್ಕೊಂಡು ಹೋಗ್ಬೇಕೇನೋ” ಎಂದು ಅಮ್ಮ ಅವರ ಅಂಗಿಗೂ ಇಸ್ತ್ರಿ ಮಾಡಿಸಿಟ್ಟಿದ್ದಾರೆ. ನನಗೆ ಪರೀಕ್ಷೆಯ ಕೆಲಸ, ಬರಲಾಗುವುದಿಲ್ಲ. ಬೆಂಗಳೂರಿನ ದಂಡು ಸ್ಟೇಷನ್ನಿನಲ್ಲಿ ಇಳಿಯುತ್ತಾರೆ, ಅಲ್ಲಿಂದ ದಾರಿ ಗೊತ್ತು ಅನ್ನುತ್ತಾರೆ. ಮೂವತ್ತು ವರ್ಷದ ಹಿಂದಿನ ದಾರಿ ಅದು. ಚಿನ್ನಪ್ಪನವರಿಗೆ ಹೇಳಬೇಡವಂತೆ.

ಮಾವ, ನಾನು ಅಲ್ಲಿ ಇರುವುದಿಲ್ಲ. ಏನಾಯಿತೆಂದು ನೀವು ಒಂದೂ ಬಿಡದೆ ಬರೆಯಬೇಕು. ನನಗೆ ಹೆದರಿಕೆಯಾಗುತ್ತಿದೆ.

ರೇವತಿ


ಹೊಂಗೆಕೆರೆ
22 ಸೆಪ್ಟೆಂಬರ್ 2025

ಚಿ. ರೇವತಿಗೆ,

ನಿನ್ನೆ ಫೋನಿನಲ್ಲಿ ನಿಮ್ಮಮ್ಮ ಎಲ್ಲ ಹೇಳಿರುತ್ತಾಳೆ. ಆದರೂ ಬರೆಯುತ್ತೇನೆ, ನೀನು ಕೇಳಿದ್ದೀಯ.

ಈ ವರ್ಷ ಎಲೆ ಎಣಿಸಲು ಮಧುಕರನನ್ನು ಕಳಿಸಿದೆ, ಮಣೆಯನ್ನೂ ನೋಡಪ್ಪ ಎಂದು ಹೇಳಿ. ನಾನು ಚಿನ್ನಪ್ಪನ ಮನೆಯಲ್ಲೇ ಉಳಿದೆ. ಅಡುಗೆ ಬೇಗ ಮುಗಿದಿತ್ತು. ಚಿನ್ನಪ್ಪ ಎಡೆ ಇಡಲು ಬಿಡಲಿಲ್ಲ. ಕನಕಾಂಬರ ಬಾಡಿದೆ, ಬೇರೆ ತಾ ಎಂದ. ಸೀಬೆಹಣ್ಣು ದೋರೆಯಾಗಿಲ್ಲ ಎಂದ. ಸುನೀಲ, “ಅಪ್ಪಾ, ಮಕ್ಳು ಹಸ್ಕೊಂಡವ್ರೆ” ಎಂದು ರೇಗಿದ ಮೇಲೆ ಎಲೆ ಹಾಕಿಸಿದ. ಅಡುಗೆಮನೆಯ ಬಾಗಿಲ ಬಳಿ ಆ ಮಣೆ ತಂದಿಟ್ಟು, ಪಂಚೆಯ ತುದಿಯಿಂದ ಒರೆಸಿದ. ನಾನು ಹೇಳಿರಲಿಲ್ಲ, ನಿನ್ನಾಣೆ. ಪ್ರತಿ ವರ್ಷ ಹೀಗೇ ತಡ ಮಾಡುತ್ತಾರೆ ಎಂದು ಮೋನಿಷಾ ನನ್ನ ಕಿವಿಯಲ್ಲಿ ಹೇಳಿದಳು.

ನಮ್ಮಲ್ಲಿ ಎಡೆ ಇಟ್ಟು, ಧೂಪ ಹಾಕಿ, ಹಿರಿಯರು ಬಂದು ಉಣ್ಣಲೆಂದು ಬಾಗಿಲು ಮುಚ್ಚಿ ಎಲ್ಲರೂ ಹೊರಗೆ ನಿಲ್ಲುತ್ತೇವೆ. ಹಾಗೆ ಅಂಗಳದಲ್ಲಿ ನಿಂತಿದ್ದೆವು. ಯಾರೂ ಮಾತಾಡಬಾರದು. ಆಗ ಗೇಟಿನ ಮುಂದೆ ಆಟೋ ನಿಂತಿತು. “ರೀ, ಇದೇ ಮರ. ನಿಲ್ಸಪ್ಪಾ ನಿಲ್ಸು” ಎಂಬ ಕೂಗು ಕೇಳಿತು. ಅವಳಿಗೆ ಬೀದಿ ಗುರುತು ಸಿಕ್ಕಿರಲಿಲ್ಲವಂತೆ, ಕಟ್ಟಡಗಳ ನಡುವೆ ಸೀಬೆಮರದ ತುದಿ ಕಂಡು ಇಳಿದಳಂತೆ.

ಚಿನ್ನಪ್ಪ ನೋಡಿದ. ಅವಳು ಗೇಟಿನ ಆಚೆ, ಇವನು ಈಚೆ. ತಲೆ ಇಬ್ಬರದೂ ಬೆಳ್ಳಗಾಗಿದೆ. ಬಾಗಿಲು ಮುಚ್ಚಿರುವಾಗ ಮಾತಾಡಬಾರದಲ್ಲ, ಅದಕ್ಕೆ ಇಬ್ಬರೂ ಸುಮ್ಮನೆ ನಿಂತಿದ್ದರು. ಕೊನೆಗೆ ಚಿನ್ನಪ್ಪ ಬಾಗಿಲ ಮೇಲೆ ಮೂರು ಸಲ ಬಡಿದು, ತೆಗೆದು, ತಂಗಿಯ ಕಡೆ ತಿರುಗಿ, “ಸಾರು ಆರೋಯ್ತು. ಬಾ” ಎಂದ.

ಅವಳು ಕಾಲು ತೊಳೆದು ಒಳಗೆ ಹೋದಳು. ಮೊದಲು ಗೋಡೆಯ ಬದಿಗೆ ಹೋಗಿ ಅಪ್ಪನ ಎಲೆಯ ಮುಂದೆ ನಿಂತಳು. ಏನು ಹೇಳಿಕೊಂಡಳೋ ಕೇಳಿಸಲಿಲ್ಲ, ಬಹಳ ಹೊತ್ತು ನಿಂತಿದ್ದಳು. ಆಮೇಲೆ ಬಂದು ಮಣೆಯ ಮೇಲೆ ಕೂತಳು. ಅದು ಹುಡುಗಿಯ ಮಣೆ, ಅವಳಿಗೆ ಸಾಲುತ್ತಿರಲಿಲ್ಲ. ಸೀಬೆಹಣ್ಣು ಕಚ್ಚಿ, “ಖಾರ ಜಾಸ್ತಿ ಆಯ್ತಣ್ಣ” ಎಂದಳು. ಚಿನ್ನಪ್ಪ, “ಅವತ್ತಿಂದ ತಿಂದಿದ್ರೆ ಗೊತ್ತಾಗಿರೋದು” ಎಂದ. ಮೋನಿಷಾ ಅಳುತ್ತಾ ಬಡಿಸುತ್ತಿದ್ದಳು, ಸುನೀಲ ಹೊರಗೆ ಹೋಗಿ ಯಾರಿಗೋ ಫೋನು ಮಾಡುವ ಹಾಗೆ ನಟಿಸುತ್ತಿದ್ದ.

ಈಗ ನೀನು ಹೆದರಿದ್ದ ವಿಷಯ. ನಿಮ್ಮಪ್ಪ ಒಳಗೆ ಬಂದಿರಲಿಲ್ಲ. ಇಸ್ತ್ರಿ ಅಂಗಿ ಹಾಕಿಕೊಂಡು, ಹಿಂಡಿಯ ಡಬ್ಬಿ ಹಿಡಿದು ಮರದ ಕೆಳಗೆ ನಿಂತಿದ್ದರು. ನಾನು ಕರೆಯಲು ಏಳುವಷ್ಟರಲ್ಲಿ ಚಿನ್ನಪ್ಪ ಎದ್ದ. ತಾನು ದಿನಾ ಕೂರುವ ಮಣೆಯನ್ನು ಎತ್ತಿ ತಂದು ತಂಗಿಯ ಪಕ್ಕದಲ್ಲಿಟ್ಟ. ಹೊರಗೆ ಹೋಗಿ ನಿಮ್ಮಪ್ಪನ ಮುಂದೆ ನಿಂತ. ಇಬ್ಬರೂ ನೆಲ ನೋಡುತ್ತಿದ್ದರು.

“ನಿಮ್ಮೂರು ಯಾವ್ದು?” ಎಂದ ಚಿನ್ನಪ್ಪ.

ನಿಮ್ಮಪ್ಪ ತಲೆ ಎತ್ತಿದರು. “ಸೇಡಂ ಹತ್ರ ಸಣ್ಣ ಹಳ್ಳಿರೀ. ಕರಿಗುಡ್ಡ” ಎಂದರು.

“ತಂದೆ ಹೆಸ್ರು?”

“ಶರಣಪ್ಪ.”

“ಬಾ ಭಗವಂತರಾಯ, ಕೂತ್ಕೊಂಡು ಹೇಳು. ನಮ್ಮ ಮುನಿ ಬರ್ಕೋತಾನೆ.”

ಬರೆದುಕೊಂಡೆ. ಮುದ್ದೆಯ ಕೈ ತೊಳೆಯದೆಯೇ ಬರೆದುಕೊಂಡೆ. ನಿನ್ನ ಮುತ್ತಜ್ಜನ ತನಕ ಹೋಯಿತು. ಇಷ್ಟು ವರ್ಷ ಆ ವಠಾರದಲ್ಲಿ ಬಂದು ಹೋದ ಬಾಡಿಗೆಯವರಲ್ಲಿ ಸಿಕ್ಕಿದಷ್ಟು ಜನರನ್ನು ಹುಡುಕಿ ಅವರಿಗೂ ಒಂದು ಅಧ್ಯಾಯ ಮಾಡೋಣ ಎಂದು ಮಧುಕರ್ ಹೇಳುತ್ತಿದ್ದಾನೆ. ಪುಸ್ತಕ ತಡವಾಗುತ್ತದೆ, ಆಗಲಿ. ನಿಮ್ಮ ಪೀರಮ್ಮನ ವಿಳಾಸ ಸಿಕ್ಕಿದರೆ ಕಳಿಸು.

ಶೇಂಗಾ ಹಿಂಡಿ ನಿನ್ನೆ ರಾತ್ರಿಯೇ ಮುಗಿಯಿತು. ನಿಮ್ಮಮ್ಮನನ್ನು ದಸರಾ ತನಕ ಕಳಿಸುವುದಿಲ್ಲವಂತೆ. ಇದನ್ನೂ ಚಿನ್ನಪ್ಪ ಹೇಳಿದ್ದು ಬೈದೇ.

ನಿನ್ನ ಮಾವ,
ಮುನಿನಾರಾಯಣಪ್ಪ


ಹೊಂಗೆಕೆರೆ
3 ಅಕ್ಟೋಬರ್ 2025

ಕಾರ್ಯದರ್ಶಿಗಳು,
ಹೊಂಗೆಕೆರೆ ಊರು ಮತ್ತು ವಂಶ ಚರಿತ್ರೆ ಸಂಘ

ಮಾವ,

ದಸರಾ ರಜೆಗೆ ನಿಮ್ಮೂರಿಗೇ ಬಂದಿದ್ದೇನೆ, ಈಗ ಸೀಬೆಮರದ ಕೆಳಗೆ ಕೂತಿದ್ದೇನೆ. ಕೂಗಿದರೆ ನಿಮ್ಮ ಗಿರಣಿಗೆ ಕೇಳಿಸುತ್ತದೆ. ಆದರೆ ತಿದ್ದುಪಡಿ ಅಂಚೆಯಲ್ಲೇ ಬರಬೇಕೆಂಬುದು ನಿಮ್ಮ ಕಾನೂನು, ಆದ್ದರಿಂದ ಸುನೀಲ ಭಾವನ ಕೈಯಲ್ಲಿ ಅಂಚೆ ಡಬ್ಬಕ್ಕೆ ಹಾಕಿಸುತ್ತಿದ್ದೇನೆ.

ಸಾಲು ತೆಗೆಯಿರಿ ಎಂದು ನಾನು ಬರೆದಿದ್ದನ್ನು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ. ಅಮ್ಮ ಹೇಳಿ ಬರೆಸಿದ ಸಾಲು ಇದು, ಇದನ್ನೇ ಅಚ್ಚು ಹಾಕಬೇಕಂತೆ:

“ಚಿನ್ನಪ್ಪನವರ ತಂಗಿ ಭಾಗ್ಯಲಕ್ಷ್ಮಿ. ಕರಿಗುಡ್ಡದ ಶರಣಪ್ಪನವರ ಮಗ ಭಗವಂತರಾಯರನ್ನು ಓಡಿಸಿಕೊಂಡು ಹೋದರು. ಮಕ್ಕಳು ರೇವತಿ, ಲಕ್ಷ್ಮಿಕಾಂತ.”

‘ಓಡಿಸಿಕೊಂಡು’ ಬೇಡ, ‘ಮದುವೆಯಾದರು’ ಎಂದು ಬರೆಯೋಣ ಎಂದೆ. ಒಪ್ಪಲಿಲ್ಲ. ಚಿನ್ನಪ್ಪ ಮಾವನವರೂ ಒಳಗಿನಿಂದಲೇ, “ಇದ್ದಿದ್ದು ಇದ್ದಂಗೆ ಬರೀ” ಎಂದರು.

ಕೆಳಗಿರುವ ಸಹಿ ಅಮ್ಮನದೇ. ಜೂನ್ ತಿಂಗಳಲ್ಲಿ ನೀವು ಪುರಾವೆ ಕೇಳಿದ್ದಿರಿ.

ರೇವತಿ

ಭಾಗ್ಯಲಕ್ಷ್ಮಿ